ರೊಪ್ಪ ಸೇರಿದ ಸುದ್ದಿ

ಮಧುಗಿರಿಯ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ. ಕುರಿಯ ಕೊರಳಿಗೆ ಕಟ್ಟಿದರೆ ಮಂದೆ ಎಲ್ಲಿದೆ ಎಂದು ತಿಳಿಸುವ ಪಟ್ಟಿಯೊಂದನ್ನು ನಮ್ಮ ಎಂಜಿನಿಯರುಗಳು ಮಾಡುತ್ತಿದ್ದರು. ಅದು ಹೇಗಿರಬೇಕೆಂದು ಕುರಿಗಾರರ ಜೊತೆ ಕೂತೇ ತೀರ್ಮಾನಿಸಬೇಕಿತ್ತು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸುವುದು ನನ್ನ ಪಾಲು.

ಐ.ಡಿ.ಹಳ್ಳಿ ಕಡೆಯ ಹಟ್ಟಿಯೊಂದರ ಗಂಡ ಹೆಂಡತಿ, ಮಂದೆ ಊರಲ್ಲಿದ್ದಾಗ, ನಮ್ಮ ಸಭೆಗಳಿಗೆ ತಪ್ಪದೆ ಬರುತ್ತಿದ್ದರು. ಗಂಡ ತನ್ನ ತಮ್ಮನ ಜೊತೆ ಮಂದೆ ಹೊಡೆದುಕೊಂಡು ಪಾವಗಡದ ಕಡೆ ಹೋದನೆಂದರೆ ವಾರಗಟ್ಟಲೆ ಮನೆಗಿಲ್ಲ. ಸಂಜೆಯಾದರೆ ಬಯಲಲ್ಲೇ ಮುಳ್ಳುಬೇಲಿಯ ರೊಪ್ಪ ಕಟ್ಟಿ ಕುರಿ ಕೂಡುತ್ತಿದ್ದರು.

"ನಂಗೆ ಮ್ಯಾಪು ಗೀಪು ಬ್ಯಾಡ ಕಣಮ್ಮ," ಅಂದಳು ಹೆಂಡತಿ. "ರೊಪ್ಪ ಸೇರ್ಕಂಡ್ರು ಅಂತ ಗೊತ್ತಾದ್ರೆ ಸಾಕು. ಒಂದ್ ದೀಪ ಹತ್ಕಳ್ಳಂಗೆ ಮಾಡ್ಕೊಡಿ."

ರಟ್ಟು, ಬಣ್ಣದ ಕಾಗದ ಹರಡಿಕೊಂಡು ಎಲ್ಲರೂ ಸೇರಿ ಅದನ್ನು ರೂಪಿಸಿದೆವು. ಒಲೆ ಪಕ್ಕದ ಗೂಡಿನಲ್ಲಿ ಹಿಡಿಸಬೇಕು, ಬೆಳಕು ಹಸಿರಿರಬೇಕು ಎಂದದ್ದು ಆಕೆಯೇ. ಗಂಡನೂ ಒಂದು ಪಟ್ಟಿ ಕಟ್ಟಿಕೊಳ್ಳಲಿ ಎಂದು ಆಕೆ ಅಂದಾಗ ಆತ ನಕ್ಕುಬಿಟ್ಟ.

"ಲೇ, ನಾನೇನ್ ಕುರಿಯೇನೇ? ಕುರಿ ಸೇರಿದ್ರೆ ನಾನೂ ಸೇರ್ದಂಗೇ ಬುಡು."

ನಾವೂ ನಕ್ಕೆವು. ಮುಂದೆ ನಡೆಯುವ ಟಗರಿನ ಕೊರಳಿಗೆ ಪಟ್ಟಿ ಬಿತ್ತು; ಅದು ಸಂಜೆ ರೊಪ್ಪ ಹೊಕ್ಕರೆ ಮನೆಯಲ್ಲಿ ದೀಪ ಹತ್ತುತ್ತಿತ್ತು. ದೀಪ ಒಂದು ದಿನವೂ ಕೈಕೊಡಲಿಲ್ಲ. ಅದು ಹತ್ತಿದ ಮೇಲೆಯೇ ಆಕೆ ಉಣ್ಣಲು ಕೂರುತ್ತಿದ್ದಳು.

ಒಂದು ಮಧ್ಯಾಹ್ನ ವೈ.ಎನ್.ಹೊಸಕೋಟೆ ಹತ್ತಿರ ಆತ ಎದೆ ಹಿಡಿದುಕೊಂಡು ಕುಸಿದ. ಜೊತೆಗಿದ್ದ ತಮ್ಮ, ಮಂದೆಯನ್ನು ಪಕ್ಕದ ಕುರಿಗಾರರಿಗೆ ಒಪ್ಪಿಸಿ ಅಣ್ಣನನ್ನು ಆಟೋದಲ್ಲಿ ಪಾವಗಡಕ್ಕೆ ಸಾಗಿಸಿದ. ದಾರಿಯಲ್ಲೇ ಜೀವ ಹೋಯಿತು. ಹಟ್ಟಿಯ ಹಿರಿಯರಿಗೆ ಫೋನು ಬಂತು. ಹೆಣ ಬರುವವರೆಗೆ ಹೆಂಡತಿಗೆ ಹೇಳುವುದು ಬೇಡವೆಂದು ಅವರು ಸುಮ್ಮನಾದರು. ಹೊತ್ತು ಮುಳುಗಿದಾಗ ಆ ಕುರಿಗಾರರು ಮಂದೆಯನ್ನು ರೊಪ್ಪಕ್ಕೆ ಕೂಡಿದರು. ಇತ್ತ ಹಟ್ಟಿಯ ಮನೆಯಲ್ಲಿ ದೀಪ ಹಸಿರಾಗಿ ಹತ್ತಿತು.

ತಿಥಿಯ ದಿನ ಹೋಗಿದ್ದೆ. ಆಕೆ ಗೋಡೆಗೆ ಒರಗಿ ಕೂತಿದ್ದಳು.

"ಉಂಡ್ಬುಟ್ಟೆ ಕಣಮ್ಮ. ಅವ್ರು ಅಲ್ಲಿ ಹೆಣವಾಗಿ ಬಿದ್ದಿದ್ರು. ನಾನಿಲ್ಲಿ ಹೊಟ್ಟೆ ತುಂಬ ಮುದ್ದೆ ಉಂಡ್ಬುಟ್ಟೆ."

ಆ ಸಂಜೆಯೂ ದೀಪ ಹತ್ತಿತು. ಮಂದೆ ಈಗ ಮೈದುನನ ಕೈಯಲ್ಲಿತ್ತು. ಆಕೆ ಎದ್ದು ವೈರು ಕಿತ್ತು, ದೀಪವನ್ನು ನನ್ನ ಚೀಲಕ್ಕೆ ಹಾಕಿದಳು.

ಆಫೀಸಿನಲ್ಲಿ ಎಲ್ಲ ಹೇಳಿದೆ. ನಮ್ಮ ಮುಖ್ಯಸ್ಥರು, "ಆದ್ರೆ ನಮ್ಮ ಸಿಸ್ಟಮ್ಮಿನಲ್ಲಿ ತಪ್ಪೇನೂ ಇರಲಿಲ್ಲವಲ್ಲ," ಎಂದರು. ಇರಲಿಲ್ಲ, ನಿಜ. ಮರುವಾರ ಶಿರಾ ಕಡೆಯ ಹಟ್ಟಿಗಳಲ್ಲಿ ಸಭೆಗಳು ಶುರುವಾದವು.

ಈಚೆಗೆ ಮಧುಗಿರಿ ಬಸ್ ನಿಲ್ದಾಣದಲ್ಲಿ ಆಕೆ ಕಂಡಳು. ಗಾರ್ಮೆಂಟ್ಸಿಗೆ ಹೋಗುತ್ತಿದ್ದಾಳಂತೆ. "ಚೆನ್ನಾಗಿವ್ನಿ ಕಣಮ್ಮ," ಅಂದು ಬೇರೆಲ್ಲೋ ನೋಡತೊಡಗಿದಳು. ಬಸ್ಸು ಬಂತು, ಹತ್ತಿದಳು. ನಾನೂ ಅದೇ ಬಸ್ಸಿಗೆ ಕಾಯುತ್ತಿದ್ದೆ. ಆಕೆಯ ಹಿಂದೆ ಹತ್ತಲಾಗಲಿಲ್ಲ.