ಚಿಗವ್ವನ ತಾಳ, ಶಾಂತತ್ತೆಯ ತಾಳ, ನನ್ನ ಡಬ್ಬಿ

ಕಳೆದ ವಾರ ಕರೂರಿನಲ್ಲಿ ಒಂದು ಡಬ್ಬಿ ಭಜನೆ ಮಾಡಿತು. ಮಾಡಿದ್ದಷ್ಟೇ ಅಲ್ಲ, ಗುಡಿಯಲ್ಲಿದ್ದವರನ್ನು ಎರಡು ಪಕ್ಷ ಮಾಡಿ ಕೂರಿಸಿತು. ಡಬ್ಬಿ ನನ್ನದು, ಆದ್ದರಿಂದ ತಪ್ಪೂ ನನ್ನದೇ ಎಂದು ಎರಡೂ ಪಕ್ಷದವರು ಹೇಳುತ್ತಾರೆ. (ಅವರಿಬ್ಬರೂ ಒಪ್ಪಿದ ಏಕೈಕ ವಿಷಯ ಅದು.)

ಡಬ್ಬಿ ಎಂದರೆ ಸ್ಯಾಂಪ್ಲರ್. ಟಿಫಿನ್ ಬಾಕ್ಸ್‌ನಷ್ಟು ಗಾತ್ರ, ಮೇಲೆ ರಬ್ಬರ್ ಬಟನ್‌ಗಳು. ಯಾವ ದನಿ ಕೊಟ್ಟರೂ ನುಂಗಿಕೊಳ್ಳುತ್ತದೆ, ಬಟನ್ ಒತ್ತಿದರೆ ವಾಪಸ್ ಕೊಡುತ್ತದೆ. ಬೇಕೆಂದರೆ ಕೊಡುತ್ತಲೇ ಇರುತ್ತದೆ. ಬ್ರೂಸ್‌ಪೇಟೆಯ ನನ್ನ ರೂಮಿನಲ್ಲಿ ಕುಕ್ಕರ್ ಸೀಟಿ, ಆಟೋ ಹಾರ್ನ್ ಎಲ್ಲ ಅದಕ್ಕೆ ಉಣಿಸಿ ಆಡುತ್ತಿರುತ್ತೇನೆ. ಸಿರುಗುಪ್ಪದ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ: "ಏನ್ರೀ ಮೇಡಂ, ಬಿಪಿ ನೋಡೋ ಮಿಷಿನ್ನಾ?" ಹೌದು ಎಂದೆ. ಅದು ಬಿಪಿ ಏರಿಸುವ ಮಿಷಿನ್ ಎಂದು ಸಂಜೆಗೆ ಗೊತ್ತಾಯಿತು.

ಹೋಗಿದ್ದು ಚಿಗವ್ವ ಕರೆದಳೆಂದು. ಚಿಗವ್ವ ನಮ್ಮ ಕಾಕನ ಹೆಂಡತಿ, ಊರಿನ ಮಹಿಳಾ ಭಜನಾ ಮಂಡಳಿಯ ಅಧ್ಯಕ್ಷೆ. (ಚುನಾವಣೆ ಎಂದೂ ನಡೆದಿಲ್ಲ.) ವರ್ಷಕ್ಕೊಮ್ಮೆ ಅಖಂಡ ಭಜನೆ. ಹೊತ್ತು ಹುಟ್ಟುವಾಗ ಶುರುವಾದ "ಓಂ ನಮಃ ಶಿವಾಯ" ಹೊತ್ತು ಮುಳುಗಿ ಮಂಗಳಾರತಿ ಆಗುವತನಕ ಒಂದು ಗಳಿಗೆಯೂ ನಿಲ್ಲುವಂತಿಲ್ಲ. ಹಾರ್ಮೋನಿಯಂನ ಶ್ರುತಿಯೂ ಅಷ್ಟೇ. ಸರದಿಯ ಮೇಲೆ ಹಾಡುತ್ತಾರೆ. ಈ ಸಲ ನಾಟಿ ಶುರುವಾಗಿ ಅರ್ಧ ಮಂಡಳಿ ಗದ್ದೆಯಲ್ಲಿತ್ತು. ಉಳಿದವರು ಊಟಕ್ಕೆ ಎದ್ದರೆ ಭಜನೆ ಕಡಿಯುತ್ತದೆ. ಏಳದಿದ್ದರೆ ಇವರೇ ಬೀಳುತ್ತಾರೆ.

ಅಸಲಿ ಸಂಕಟ ಬೇರೆ ಇತ್ತು. ಕುರುಗೋಡಿನಿಂದ ಶಾಂತತ್ತೆ ಬಂದಿದ್ದರು. ಕಾಕನ ತಂಗಿ, ಚಿಗವ್ವನ ನಾದಿನಿ. ಇಬ್ಬರಿಗೂ ಎರಡು ವರ್ಷದಿಂದ ಮಾತಿಲ್ಲ. ಆಸ್ತಿಯೇ? ಬಂಗಾರವೇ? ಅಲ್ಲ, ತಾಳ! "ಅತ್ತಿಗಿ ಭಜನಿ ಅಂದ್ರ ಎತ್ತಿನ ಬಂಡಿ" ಎಂದು ಅತ್ತೆ ಅಂದಿದ್ದರಂತೆ. "ಆಕಿದು ಎಕ್ಸ್‌ಪ್ರೆಸ್ ಬಸ್ಸು, ಯಾರ್ನೂ ಹತ್ತಿಸ್ಕೊಳ್ಳಂಗಿಲ್ಲ" ಎಂದು ಚಿಗವ್ವ. ಅಷ್ಟೇ. ಈ ಸಲ ಕಾಕನೇ ಹೋಗಿ ತಂಗಿಯನ್ನು ಕರೆತಂದಿದ್ದ.

"ಲೇ ಸುಮಾ, ಏನಾರ ಮಾಡು. ಈಕಿ ಮಂಗಳಾರತಿತನಕ ಇರಬೇಕು" ಎಂದು ಚಿಗವ್ವ ನನ್ನ ಕಿವಿಯಲ್ಲಿ ಹೇಳಿದಳು. ನಾದಿನಿಗೆ ಕೇಳದಂತೆ, ಮತ್ತೆ.

ಮಧ್ಯಾಹ್ನ ಡಬ್ಬಿ ತೆಗೆದು ಗುಡಿಯ ಸ್ಪೀಕರ್‌ಗೆ ಜೋಡಿಸಿದೆ. ಹಾರ್ಮೋನಿಯಂ ಬಸಪ್ಪಜ್ಜ ಕೂಡಲೇ ಆಕ್ಷೇಪ ಎತ್ತಿದರು. "ಮಿಷಿನ್ ಹಾಡಿದ್ರ ಅದು ಭಜನಿ ಹೆಂಗ ಆಕೈತವ್ವಾ?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳ ಹತ್ತಿರ ಹೀಗೆಲ್ಲ ಕೇಳಬಾರದು. "ಅಜ್ಜಾ, ಈ ಗುಡಿಯಾಗ ಮಂಗಳಾರತಿಗೆ ನಗಾರಿ ಬಾರಿಸೋರು ಯಾರು?"

ಎಲ್ಲರೂ ಮೂಲೆ ನೋಡಿದರು. ಅಲ್ಲಿತ್ತು ಕರೆಂಟ್ ನಗಾರಿ. ಸ್ವಿಚ್ ಹಾಕಿದರೆ ಮೋಟಾರು ತಿರುಗಿ ಗಂಟೆ, ಜಾಗಟೆ, ನಗಾರಿ ಎಲ್ಲವನ್ನೂ ತಾನೇ ಬಡಿದುಕೊಳ್ಳುವ ಯಂತ್ರ.

"ಆ ಮೋಟಾರು ಭಕ್ತ ಆಗಬೌದು, ನನ್ನ ಡಬ್ಬಿ ಆಗಬಾರದಾ?"

ಅಜ್ಜ ತಮ್ಮ ಪಕ್ಕ ಡಬ್ಬಿಗೆ ಜಾಗ ಬಿಟ್ಟರು. ಹಾರ್ಮೋನಿಯಂನ ಒಂದು ಸ್ವರ ಹಿಡಿದೆ. ಅದರ ನಡುವಿನ ತುಣುಕನ್ನೇ ಡಬ್ಬಿ ಸುತ್ತಿ ಸುತ್ತಿ ನುಡಿಸುತ್ತದೆ. ತುದಿಗೆ ತುದಿ ಸೇರುವ ಜಾಗ ಕಿವಿಗೆ ತಿಳಿಯದಂತೆ ಹೊಂದಿಸಿದರೆ ಸ್ವರ ನಿಲ್ಲುವುದೇ ಇಲ್ಲ. ಮೊದಲು ಟಕ್ ಟಕ್ ಎಂದಿತು, ಸರಿಮಾಡಿದೆ. ಶ್ರುತಿ ನಿಂತಿತು, ಅಂದರೆ ನಿಲ್ಲದೆ ನಿಂತಿತು. ಸಿದ್ಧಾಂತದ ಪ್ರಶ್ನೆ ಎತ್ತಿದ್ದ ಬಸಪ್ಪಜ್ಜನೇ ಎಲ್ಲರಿಗಿಂತ ಮೊದಲು ಊಟಕ್ಕೆ ಎದ್ದರು.

ಇನ್ನು ಭಜನೆ. ಚಿಗವ್ವ, ಶಾಂತತ್ತೆ ಇಬ್ಬರನ್ನೂ ಜೋಡಿಯಾಗಿ ಹಾಡಿಸೋಣ ಎಂದುಕೊಂಡಿದ್ದೆ. ಆಗುವ ಮಾತೇ? ಉಳಿದವರು ಒಳಗೆ ಭಜನೆ ಹಿಡಿದಿದ್ದಾಗ ಒಬ್ಬೊಬ್ಬರನ್ನೇ ಹೊರಗಿನ ಕಟ್ಟೆಗೆ ಕರೆದು ಫೋನಿನಲ್ಲಿ ರೆಕಾರ್ಡ್ ಮಾಡಿ ಡಬ್ಬಿಗೆ ಹಾಕಿದೆ. ಅದೇ ಮಂತ್ರ, ಒಂದೊಂದು ಸುತ್ತು. ಅತ್ತೆಯ ಸುತ್ತು ಚಿಗವ್ವನದಕ್ಕಿಂತ ಕೂದಲಷ್ಟು ಗಿಡ್ಡ. ಚಿಗವ್ವನದರ ಬಾಲ ಕತ್ತರಿಸಿದರೆ ಸಮವಾಗುತ್ತದೆ ಎಂದು ಇಬ್ಬರಿಗೂ ಹೇಳಿದೆ.

"ನನ್ನ ದನಿ ಕತ್ತರಿಸ್ತೀಯೇನಲೇ?" ಎಂದಳು ಚಿಗವ್ವ.

"ಹಂಗಾರ ಅತ್ತಿದು ಸ್ವಲ್ಪ ಜಗ್ತೀನಿ."

"ಜಗ್ಗಾಕ ಅದೇನು ರಬ್ಬರಾ?" ಎಂದರು ಅತ್ತೆ.

ಎರಡನ್ನೂ ಹಾಗೇ ಬಿಟ್ಟೆ. ಒಟ್ಟಿಗೆ ಬಟನ್ ಒತ್ತಿದೆ. ಒಂದೇ ಬಾಯಿಯಿಂದ ಬಂದಂತೆ "ಓಂ ನಮಃ ಶಿವಾಯ" ಹೊರಟಿತು. ಎಲ್ಲರೂ ಊಟಕ್ಕೆ ಹೋದರು. ಗುಡಿಯಲ್ಲಿ ಉಳಿದದ್ದು ಶಿವ ಮತ್ತು ಸ್ಪೀಕರ್.

ವಾಪಸ್ ಬಂದಾಗ ಗುಡಿ "ಓಂಓಂ ನನಮಃಮಃ ಶಿಶಿವಾವಾಯ" ಎನ್ನುತ್ತಿತ್ತು. ಅತ್ತೆಯ ಸುತ್ತು ಮುಂದೆ ಜಾರಿತ್ತು. ಪ್ರತಿ ಸುತ್ತಿಗೂ ಕೂದಲಷ್ಟು, ಮತ್ತೆ ಕೂದಲಷ್ಟು. ಕೂತವರು ಯಾವುದಕ್ಕೆ ದನಿ ಸೇರಿಸಬೇಕು? ಚಿಗವ್ವನ ಕಡೆಯವರು ಎಡಕ್ಕೆ ಕೂತು ಚಿಗವ್ವನ ದನಿಗೆ ತಾಳ ಹಾಕಿದರು. ಅತ್ತೆಯ ಅಭಿಮಾನಿಗಳು ಬಲಕ್ಕೆ.

"ತಾಳ ತಪ್ಪೀರಿ!"

"ಮಿಷಿನ್ ನಮ್ಮ ಕಡೀಗೈತಿ, ಕಿವಿ ಕೊಟ್ಟು ಕೇಳ್ರಿ!"

ಮಿಷಿನ್ ಎರಡೂ ಕಡೆಗಿತ್ತು. ಯಾರ ತಾಳವೂ ತಪ್ಪಿರಲಿಲ್ಲ. ಎರಡೂ ಕಡೆ ಸರಿಯಿದ್ದಾಗ ಜಗಳ ಬಿಡಿಸುವುದು ಹೇಗೆಂದು ಯಾವ ಚರ್ಚಾಸ್ಪರ್ಧೆಯಲ್ಲೂ ನನಗೆ ಕಲಿಸಿಲ್ಲ.

ಹೊತ್ತು ಇಳಿಯಿತು. ಮಂಗಳಾರತಿ ಒಂದೇ ದನಿಯ ಮೇಲೆ ಏಳಬೇಕು. "ಒಂದು ಬಂದ್ ಮಾಡವ್ವ" ಎಂದರು ಬಸಪ್ಪಜ್ಜ. ಯಾವುದನ್ನು? ಯಾರ ದನಿ ನಿಂತರೆ ಅವರ ವ್ರತ ಕಡಿದಂತೆ. ಗುಡಿಯೆಲ್ಲ ನನ್ನ ಬೆರಳು ನೋಡುತ್ತಿತ್ತು.

ಶಾಂತತ್ತೆ ಬ್ಯಾಗು ಎತ್ತಿಕೊಂಡರು. "ನಂದೇ ಬಂದ್ ಮಾಡು, ಸುಮಾ. ಕುರುಗೋಡಿಗೆ ಹೋಗಾಕ ಇನ್ನೂ ಬಸ್ ಐತಿ."

ಚಿಗವ್ವನ ಕೈಯಲ್ಲಿದ್ದ ತಾಳ ನಿಂತಿತು.

ನನಗೆ ಬೇರೆ ದಾರಿ ಇರಲಿಲ್ಲ. "ತಡೀರಿ ಅತ್ತಿ. ಎರಡೂ ತಾವಾಗೇ ಮತ್ತ ಕೂಡ್ತಾವ. ಜೋರಾಗಿ ತಿರುಗೋದು ಮೆಲ್ಲಕ ತಿರುಗೋದನ್ನ ಒಂದು ಸುತ್ತು ಹಾಕಿ ಹಿಡೀಲೇಬೇಕು. ನೀವು ಊಟಕ್ಕ ಹೋದಾಗ ಎಷ್ಟು ಸಲ ಕೂಡಿದ್ವೋ, ಕೇಳಾಕ ಯಾರಿದ್ರು? ಆಮ್ಯಾಲೆ ನಿಮ್ಮ ಗದ್ದಲದಾಗ ಕೇಳ್ಸಿಲ್ಲ. ಸ್ವಲ್ಪ ಸುಮ್ಮನ ಕುಂದರ್ರಿ."

"ಕೂಡ್ತಾವ ಅನ್ನಾಕ ಪ್ರೂಫ್ ಏನೈತಿ?" ಎಂದರು ಬಸಪ್ಪಜ್ಜ.

ನೋಡಿ, ಹಣೆಬರಹ! ನಂಬಿಕೆಯ ವಿರುದ್ಧ ಮಾತಾಡಿ ಕಪ್ ಗೆದ್ದವಳು ನಾನು. ಕಂಡವರನ್ನೆಲ್ಲ ಪ್ರೂಫ್ ಕೇಳುತ್ತಾ ಬೆಳೆದವಳು. ಈಗ ಗುಡಿಯಲ್ಲಿ ನಿಂತು, "ನಂಬ್ರಿ ಅಜ್ಜಾ" ಎನ್ನುತ್ತಿದ್ದೇನೆ!

ಗುಡಿ ಸುಮ್ಮನಾಯಿತು, ಆ ದಿನ ಮೊದಲ ಸಲ. (ಭಜನೆ ಕಡಿಯಲಿಲ್ಲ, ಡಬ್ಬಿ ಇತ್ತಲ್ಲ.) ಎರಡು ದನಿಗಳ ನಡುವಿನ ಸಂದು ಕಿರಿದಾಗುತ್ತ ಬಂತು. ಬಾವಿಯ ಪ್ರತಿಧ್ವನಿಯಷ್ಟಾಯಿತು. ಆಮೇಲೆ ದಪ್ಪನೆಯ ಒಂದೇ ಗಂಟಲು. ಆಮೇಲೆ ಗಂಟಲು ಎರಡೆಂದು ಹೇಳಲು ಬರಲಿಲ್ಲ.

ಚಿಗವ್ವ ಬಾಯಿ ತೆರೆದಳು. ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದ ಶಾಂತತ್ತೆಯೂ ತೆರೆದರು. ನಾನು ಡಬ್ಬಿಯ ಎರಡೂ ದನಿ ಬಂದ್ ಮಾಡಿದೆ. ಯಾರಿಗೂ ಗೊತ್ತಾಗಲಿಲ್ಲ. ಇಬ್ಬರೂ ಹಾಡುತ್ತಿದ್ದರು, ಜೋಡಿಯಾಗಿ, ಒಬ್ಬರ ಮುಖ ಒಬ್ಬರು ನೋಡದೆ.

ಎರಡನೆಯ ಸುತ್ತಿಗೇ ಅತ್ತೆ ಓಡತೊಡಗಿದರು. ಚಿಗವ್ವ ಹಿಂದೆ ಬಿದ್ದಳು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಕರೆಂಟ್ ನಗಾರಿಯ ಸ್ವಿಚ್ ಹಾಕಿದರು. ಆ ಗದ್ದಲದಲ್ಲಿ ಎಲ್ಲ ತಾಳಗಳೂ ಮುಳುಗಿದವು. ಮಂಗಳಾರತಿ ಆಯಿತು, ಬಸ್ಸು ಹೋಯಿತು, ಅತ್ತೆ ಉಳಿದರು.

ಊಟ ಬಡಿಸುತ್ತ ಚಿಗವ್ವ ನನಗಷ್ಟೇ ಕೇಳುವಂತೆ ಹೇಳಿದಳು: "ಕಡೀಕ ಆಕಿ ನನ್ನ ತಾಳಕ್ಕ ಬಂದ್ಲು, ನೋಡು." ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಶಾಂತತ್ತೆ ಹೇಳಿದರು: "ಅಂತೂ ನಮ್ಮ ಅತ್ತಿಗಿ ಸ್ಪೀಡು ಕಲ್ತಳು. ಮುಂದಿನ ವರ್ಷನೂ ಬರ್ತೀನಿ, ಕಲಿಸಬೇಕಲ್ಲ?"

ಯಾರು ಯಾರ ತಾಳಕ್ಕೆ ಬಂದರು ಎಂಬುದಕ್ಕೆ ನನ್ನ ಹತ್ತಿರ ಖಚಿತ ಉತ್ತರವಿದೆ: ಯಾರೂ ಬರಲಿಲ್ಲ. ಹೇಳಿಬಿಟ್ಟರೆ ಚರ್ಚೆ ನಾನೇ ಗೆಲ್ಲುತ್ತೇನೆ. ಆದರೆ ಮುಂದಿನ ವರ್ಷ ಶಾಂತತ್ತೆ ಕರೂರಿನ ಬಸ್ ಹತ್ತುತ್ತಾರಾ?