ಗಾಜಿನೊಳಗಿನ ಖಾಲಿ ಕರಡಿಗೆ

ಚಿತ್ರಕಲಾ ಮೇಷ್ಟ್ರ ಕೆಲಸದಿಂದ ನಾನು ನಿವೃತ್ತನಾದಾಗ ನಂಜನಗೂಡಿನ ಶಾಲೆಯ ಸಹೋದ್ಯೋಗಿಗಳು ಒಂದು ಶಾಲು ಹೊದಿಸಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅವರು ಬೆಂಗಳೂರಿನ ದೊಡ್ಡದೊಂದು ಕಲಾ ಮ್ಯೂಸಿಯಮ್ಮಿಗೆ ಎರಡು ಟಿಕೆಟ್ ಮಾಡಿಸಿಟ್ಟಿದ್ದರು. ಎಂಟು ಜನರ ಗುಂಪು, ಜೊತೆಗೊಬ್ಬ ಗೈಡ್, ಎರಡು ಗಂಟೆ. "ಜೀವನಪೂರ್ತಿ ಮಕ್ಕಳಿಗೆ ಅಲ್ಲಿನ ಚಿತ್ರಗಳ ವಿಷಯ ಹೇಳಿದ್ದೀರಿ, ಒಂದ್ಸಲ ಆರಾಮಾಗಿ ನೋಡ್ಕೊಂಡು ಬನ್ನಿ ಸಾರ್" ಎಂದರು. ನಾನು ಅದನ್ನು ಒಮ್ಮೆಯೂ ನೋಡಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಗಿತ್ತೋ ಏನೋ.

ಹೆಂಡತಿ ಸೊಂಟನೋವು ಎಂದು ಕೈಯೆತ್ತಿದಳು. ಎಂಬತ್ತು ದಾಟಿದ ಅವ್ವ "ನಾನ್ ಬತ್ತೀನಿ ಕಣ್ಲಾ" ಎಂದು ಎದ್ದು ನಿಂತಳು. ಅಲ್ಲಿ ತುಂಬಾ ನಡೆಯಬೇಕು ಎಂದೆ. "ಎಮ್ಮಿಗೆಯಿಂದ ನರಸೀಪುರದ ಸಂತೆಗೆ ತಲೆ ಮ್ಯಾಲೆ ಕುಕ್ಕೆ ಒತ್ಕೊಂಡು ನಡ್ದೋಳು ನಾನು" ಎಂದಳು. ಹೆಮ್ಮಿಗೆ ಅವಳ ತವರು. ಅರವತ್ತೈದು ವರ್ಷದ ಹಿಂದಿನ ಆ ನಡಿಗೆಯ ಮುಂದೆ ನನ್ನ ಯಾವ ಮಾತೂ ನಡೆಯುವುದಿಲ್ಲ.

ಅವಳ ಜೊತೆ ದಿನವಿಡೀ ಇರುವುದಕ್ಕೆ ನನಗೆ ಬೇರೊಂದು ಹೆದರಿಕೆಯಿತ್ತು. ನಮ್ಮವರು ಇಷ್ಟಲಿಂಗವನ್ನು ಮೊಟ್ಟೆಯಾಕಾರದ ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಕಟ್ಟಿದ ಮೇಲೆ ಅದು ಮೈಬಿಡಬಾರದು. ನನ್ನ ಕರಡಿಗೆಯನ್ನು ಅವ್ವ ತನ್ನ ಕಾಲ್ಗೆಜ್ಜೆ ಕರಗಿಸಿ ನರಸೀಪುರದ ಅಕ್ಕಸಾಲಿಯಿಂದ ಮಾಡಿಸಿದ್ದಳು. ಮೂರು ವರ್ಷದ ಕೆಳಗೆ ಬೆನ್ನುನೋವಿಗೆ ಸ್ಕ್ಯಾನ್ ಮಾಡುವಾಗ ಮೈಮೇಲೆ ಲೋಹ ಇರಬಾರದು ಎಂದರು. ತೆಗೆದೆ. ಮನೆಗೆ ಬಂದು ಸ್ಕ್ಯಾನಿನ ಕವರಿನ ಜೊತೆ ಅದನ್ನೂ ಬೀರುವಿನಲ್ಲಿಟ್ಟೆ. ನಾಳೆ ಕಟ್ಟಿಕೊಂಡರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ನಾಸ್ತಿಕನಾದೆ ಎಂದರೆ ಅದಕ್ಕೊಂದು ಗತ್ತಾದರೂ ಇರುತ್ತಿತ್ತು. ನನ್ನದು ಬರೀ ಸೋಮಾರಿತನ, ಎಲ್ಲದರ ಮೇಲೂ ಬಂದ ಬೇಸರ. ಅಂದಿನಿಂದ ಮನೆಯಲ್ಲೂ ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತಿರಲಿಲ್ಲ. ಅವ್ವನಿಗೆ ತಿಳಿದರೆ ಏನು ಹೇಳಲಿ ಎಂಬುದೊಂದೇ ಚಿಂತೆ.

ಬೆಳಗಿನ ರೈಲು ಹಿಡಿದು ಹೋದೆವು. ಮ್ಯೂಸಿಯಮ್ಮಿನ ಬಾಗಿಲಲ್ಲೇ ಅವ್ವ ಚಪ್ಪಲಿ ಬಿಟ್ಟಳು. ಇಲ್ಲಿ ಬಿಡಬೇಕಿಲ್ಲ ಎಂದರೆ ಕೇಳಲಿಲ್ಲ. ಒಳಗೆ ಅಷ್ಟೊಂದು ದೇವರಿದ್ದಾವೆ ಎಂದು ನಾನೇ ಹೇಳಿದ್ದೆನಂತೆ. ಅವಳ ಚಪ್ಪಲಿ ನನ್ನ ಚೀಲ ಸೇರಿತು. ತಪಾಸಣೆಯ ಚೌಕಟ್ಟು ದಾಟುವಾಗ ಅವಳಿಗೆ ಅದು ಕೀಂ ಎಂದು ಕೂಗಿತು. ಕೊರಳಲ್ಲಿರುವುದನ್ನು ತೆಗೆದು ಟ್ರೇಗೆ ಹಾಕಿ ಎಂದ ಕಾವಲಿನವನು. ಅವ್ವ ಸೆರಗಿನ ಮೇಲೆ ಕೈ ಅಡ್ಡ ಹಿಡಿದಳು. "ಇದು ಮೈಯಿಂದ ಇಳಿಯಾಕಿಲ್ಲ ಕಣಪ್ಪ. ಬೇಕಾರೆ ನಾನೇ ವಾಪಸ್ ಓಯ್ತೀನಿ." ಅವನು ಒಳ್ಳೆಯವನು, ನಕ್ಕು ಬಿಟ್ಟುಬಿಟ್ಟ. ಅವಳ ಹಿಂದೆ ನಾನು ದಾಟಿದೆ. ಚೌಕಟ್ಟು ಸದ್ದು ಮಾಡಲಿಲ್ಲ. ಅವ್ವ ತಿರುಗಿ ಒಮ್ಮೆ ನನ್ನನ್ನು ನೋಡಿದಳು.

ಗೈಡ್ ಒಬ್ಬ ಹುಡುಗಿ, ಮಾತು ಅರಳು ಹುರಿದಂತೆ. ಉಳಿದ ಆರು ಜನ ಬೆಂಗಳೂರಿನವರು, ನಿಂತು ಅಭ್ಯಾಸವಿದ್ದವರು. ಮೂವತ್ತು ವರ್ಷ ಕಾಲ ಮಾಸಿದ ಅಚ್ಚುಪ್ರತಿ ಹಿಡಿದು ಮಕ್ಕಳಿಗೆ ತೋರಿಸಿದ್ದ ಚಿತ್ರದ ಮೂಲವೇ ಎದುರಿಗೆ ಬಂತು. ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡಿದ್ದೆ. ಮಂಡಿ ನೋವು ಬಂತು. ಅದರಲ್ಲಿನ ಕೆಂಪು ನಾನು ಹೇಳಿಕೊಟ್ಟ ಕೆಂಪಾಗಿರಲಿಲ್ಲ, ಇಟ್ಟಿಗೆಯ ಬಣ್ಣಕ್ಕೆ ಹತ್ತಿರವಿತ್ತು. ಅಷ್ಟು ವರ್ಷ ಎಷ್ಟು ಮಕ್ಕಳಿಗೆ ತಪ್ಪು ಹೇಳಿದೆನಲ್ಲ ಎಂದು ಇನ್ನಷ್ಟು ಸುಸ್ತಾಯಿತು. ಎಲ್ಲಾದರೂ ಕುರ್ಚಿ ಇದೆಯೇ ಎಂದು ನೋಡತೊಡಗಿದೆ.

ಕೊನೆಯ ಕೋಣೆ ಬೆಳ್ಳಿ ಸಾಮಾನಿನದು. ಗಾಜಿನ ಪೆಟ್ಟಿಗೆಯೊಂದನ್ನು ತೋರಿಸಿ ಗೈಡ್, "ಇದು ಹಳೇ ಮೈಸೂರು ಕಡೆಯ ಸುಣ್ಣದ ಡಬ್ಬಿ. ಎಲೆಅಡಿಕೆ ಹಾಕೋರು ಜೊತೇಲೇ ಇಟ್ಕೊಳ್ತಿದ್ರು. ಕೆಲಸ ಎಷ್ಟು ನಾಜೂಕಾಗಿದೆ ನೋಡಿ" ಎಂದಳು.

ಅವ್ವ ಗಾಜಿಗೆ ಮೂಗು ತಾಗಿಸಿ ನೋಡಿದಳು. "ಸುಣ್ಣದ ಡಬ್ಬಿ ಅಲ್ಲ ಕಣವ್ವ. ಇದು ಕರಡಿಗೆ." ಎಂದವಳೇ ತನ್ನ ಕೊರಳಿನದನ್ನು ಸೆರಗಿನಿಂದ ಹೊರಗೆ ತೆಗೆದು ತೋರಿಸಿದಳು. ಅದೇ ಆಕಾರ, ದಾರ ಪೋಣಿಸುವ ಅದೇ ಕಿವಿ. ಗುಂಪು ಗಾಜನ್ನು ಬಿಟ್ಟು ಅವಳನ್ನು ಸುತ್ತುವರಿಯಿತು. ಹುಡುಗಿ ಪಾಪ, ನಾಚಿ ಪುಸ್ತಕದಲ್ಲಿ ಬರೆದುಕೊಂಡಳು.

"ಇದರೊಳಗಿನ ಲಿಂಗ ಎಲ್ಲವ್ವ?" ಎಂದು ಅವ್ವ ಕೇಳಿದಳು.

"ಗೊತ್ತಿಲ್ಲ ಅಜ್ಜಿ. ಖಾಲಿನೇ ಬಂದಿರ್ಬೇಕು."

"ಅಂಗಾರೆ ಅವರು ಸತ್ತವ್ರೆ. ಮಣ್ಣಿಗೆ ಓಗುವಾಗ ಲಿಂಗ ಅಂಗೈಲಿ ಓಯ್ತದೆ. ಬೆಳ್ಳಿ ಮನೇಲಿ ಉಳೀತದೆ."

ನಾನು ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡೆ.

ಸಂಜೆಯ ರೈಲಿನಲ್ಲಿ ಹೇಗೋ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಇಬ್ಬರ ಕಾಲೂ ಊದಿತ್ತು. ಮಂಡ್ಯ ದಾಟುವವರೆಗೆ ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ಆಮೇಲೆ ತನ್ನ ಕೈಚೀಲದಿಂದ ಬಿಳಿ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ನನ್ನ ಕರಡಿಗೆ ಇತ್ತು. ದಾರ ಹೊಸದು. ಬೆಳ್ಳಿ ಹೊಳೆಯುತ್ತಿತ್ತು.

"ನಿನ್ ಬೀರುವಲ್ಲಿ ಸಿಕ್ತು. ಮೂರು ವರ್ಸದಿಂದ ನಂದರ ಜೊತೆ ನಿಂದ್ನೂ ತೊಳ್ದು, ಇಬೂತಿ ಅಚ್ಚಿ, ಪೂಜೆ ಮಾಡೀನಿ" ಎಂದಳು. "ಒಬ್ಬರ ಲಿಂಗ ಇನ್ನೊಬ್ರು ಮುಟ್ಬಾರ್ದು ಅಂತಾರೆ. ನಿನ್ನ ಎತ್ತೋಳು ನಾನು. ಮುಟ್ಟುದ್ರೆ ಏನಾದದು?"

ಮೂರು ವರ್ಷ ನಾನು ಮುಚ್ಚಿಟ್ಟದ್ದು ಅವಳ ಕೈಚೀಲದಲ್ಲೇ ಇತ್ತು. ಬೀರುವಿನ ಆ ಖಾನೆಯನ್ನು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ.

"ಗೊತ್ತಿದ್ರೂ ಯಾಕವ್ವ ಕೇಳ್ಲಿಲ್ಲ?" ಎಂದೆ.

"ನೀನೇ ಏಳ್ತೀಯ ಅಂತ ಕಾದೆ." ಬಿಳಿ ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು. "ಆ ಗಾಜ್ನೊಳಗಿಂದು ನೋಡಿ ಎದೆ ಜಲ್ ಅಂತು. ನಾಳೆ ನಾನ್ ಓದ್ಮೇಲೆ ನಿಂದೂ ಸುಣ್ಣದ ಡಬ್ಬಿ ಅಂದಾರು. ನಂಗೂ ಸಾಕಾಗೋಯ್ತು ಮಗ. ದಿನಾ ಎರಡೆರಡು ತೊಳ್ಯಕೆ ಕೈ ಬರಾಕಿಲ್ಲ. ನಿಂದ ನೀನ್ ನೋಡ್ಕೊ."

ಆ ಗಳಿಗೆಯಲ್ಲಿ ನನಗೆ ಭಕ್ತಿ ಬಂತು ಎಂದರೆ ಸುಳ್ಳಾಗುತ್ತದೆ. ನಾಚಿಕೆಯಾಯಿತು. ನಾನು ಬೇಸರ ಎಂದು ಕೆಳಗಿಟ್ಟ ಭಾರವನ್ನು ಈ ಮುದುಕಿ ಸದ್ದಿಲ್ಲದೆ ಎತ್ತಿಕೊಂಡು ನಡೆದಿದ್ದಳು.

ಅಂಗಿಯ ಮೇಲಿನ ಗುಂಡಿ ಬಿಚ್ಚಿ ತಲೆ ಬಗ್ಗಿಸಿದೆ. ಅವ್ವ ದಾರವನ್ನು ಕೊರಳ ಹಿಂದೆ ತಂದು ಗಂಟು ಹಾಕಲು ನೋಡಿದಳು. ರೈಲು ಕುಲುಕುತ್ತಿತ್ತು. ಎರಡು ಸಲ ಗಂಟು ಜಾರಿತು. ಮೂರನೆಯ ಸಲ ದಾರದ ತುದಿಗಳನ್ನು ನನ್ನ ಕೈಗೇ ಕೊಟ್ಟು, "ನೀನೇ ಕಟ್ಕೊ" ಎಂದಳು.