ಗ್ಯಾಂಗ್ ಬಂತು

ಚಹಾಪುಡಿ ಕಟ್ಟಿಕೊಟ್ಟ ಪತ್ರಿಕೆಯ ಹಾಳೆಯನ್ನು ಓದದೆ ಒಲೆಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ನಾಲ್ಕನೇ ಇಯತ್ತೆಯ ನನ್ನ ವಿದ್ಯೆಗೆ ಬೇರೆ ಕೆಲಸವೂ ಇಲ್ಲ. ಇವತ್ತಿನ ಹಾಳೆಯಲ್ಲಿ ‘ಮುಂಬಯಿಯಲ್ಲಿ ಗ್ಯಾಂಗ್ ಸೆರೆ’ ಎಂದಿತ್ತು. ಅಯ್ಯೋ ಪಾಪ, ಇನ್ನು ಕಬ್ಬು ಕಡಿಯುವವರು ಯಾರು ಎಂದುಕೊಂಡೆ. ಆಮೇಲೆ ಒಬ್ಬಳೇ ನಕ್ಕೆ.

ಮೊಮ್ಮಕ್ಕಳೇ, ನಮ್ಮ ದಿಗ್ಗೇವಾಡಿಯಲ್ಲಿ ಗ್ಯಾಂಗ್ ಎಂದರೆ ಕಬ್ಬು ಕಡಿಯಲು ದೂರದಿಂದ ಬರುವ ತಂಡ, ಅದರ ಮುಖಂಡ ಮುಕಾದಮ. ಪತ್ರಿಕೆಯವರ ಗ್ಯಾಂಗ್ ಬೇರೆ ಎಂದು ನನಗೆ ತಿಳಿದದ್ದು ನಿಮ್ಮ ಅವ್ವನನ್ನು ನೋಡಲು ದಾವಣಗೆರೆಯಿಂದ ನಿಮ್ಮ ಅಪ್ಪ ಮತ್ತು ಅವನ ಸೋದರಮಾವ ಬಂದ ದಿನ. ಅದಕ್ಕೆ ಮೊದಲು ಎರಡು ಕಡೆ ಮಾತು ಮುರಿದಿತ್ತು. ಇದೂ ತಪ್ಪಿದರೆ ಇನ್ನೊಮ್ಮೆ ಯಾರ ಮುಂದೆಯೂ ಕೂಡ್ರುವುದಿಲ್ಲ ಎಂದು ನಿಮ್ಮ ಅವ್ವ ಹಟ ಹಿಡಿದಿದ್ದಳು.

“ಯಜಮಾನರು ಕಾಣಲ್ವಲ್ಲ?” ಎಂದರು ಸೋದರಮಾವ.

ಬಾಗಿಲ ಮರೆಯಿಂದ ನಾನು ಧೈರ್ಯ ಮಾಡಿ, “ಗ್ಯಾಂಗ್ ಕರಕೊಂಡ ಬರಾಕ ಹೋಗ್ಯಾರ್ರಿ” ಎಂದೆ.

“ಗ್ಯಾಂಗಾ?”

“ಹೌದ್ರಿ. ಹ್ವಾದ ವರ್ಷದ್ದು ಭಾಳ ಚಲೋ ಇತ್ರಿ. ಮುಂಜಾನೆ ಕೊಯ್ತಾ ಹಿಡಕೊಂಡ ಇಳದವರು ಸಂಜಿಗೆ ಒಂದೂ ಬಿಡದಂಗ ಕಡದ ಕೆಡವಿದ್ರು. ನಿಮಗೂ ಬೇಕಂದ್ರ ಹೇಳ್ರಿ, ಕಳಸ್ತಾರ.”

ಸೋದರಮಾವ ಉಪ್ಪಿಟ್ಟಿನ ತಾಟು ಕೆಳಗಿಟ್ಟು, “ಚಿಕ್ಕೋಡಿ ಬಸ್ಸು ಎಷ್ಟೊತ್ತಿಗೆ?” ಎಂದು ಚಪ್ಪಲಿ ಹುಡುಕತೊಡಗಿದರು. ಉಪ್ಪು ಹೆಚ್ಚಾಯಿತೇ ಎಂದು ನಾನು ಒಳಗೆ ಹೋಗಿ ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿದೆ. ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ನಿಮ್ಮ ಮುತ್ಯಾ ಟ್ರ್ಯಾಕ್ಟರಿನ ಮೇಲಿಂದ ಓಣಿಗೆಲ್ಲ ಕೇಳುವಂತೆ ಕೂಗಿದರು: “ಗ್ಯಾಂಗ್ ಬಂತು!”

ಸೋದರಮಾವ ಕಂಬದ ಹಿಂದೆ ಸರಿದರು. ಟ್ರ್ಯಾಲಿಯಿಂದ ಇಳಿದವರು ಹಂಡೆ ಹಿಡಿದ ಹೆಂಗಸರು, ಬುಟ್ಟಿಯೊಳಗಿನ ಕೋಳಿಮರಿಗಳು, ಸೀರೆಯ ಜೋಳಿಗೆಯಲ್ಲಿ ಮಲಗಿದ ಒಂದು ಕೂಸು. ಮುಕಾದಮ ತಲೆಯ ಪಟಗಾ ಬಿಚ್ಚಿ, “ವಹಿನಿ, ಪಾಣಿ ದ್ಯಾ” ಎಂದು ನೀರು ಕೇಳಿದ.

“ಇದೇನ್ರೀ ನಿಮ್ಮ ಗ್ಯಾಂಗು?”

“ಇದ ನೋಡ್ರಿ” ಎಂದೆ.

ಕಂಬ ಹಿಡಿದುಕೊಂಡೇ ಅವರು ನಕ್ಕರು. ಆರಿದ ಉಪ್ಪಿಟ್ಟನ್ನೇ ಮತ್ತೆ ಬಡಿಸಿಕೊಂಡು, “ತಾಯಿ, ನಿಮ್ಮ ಮಗಳನ್ನ ನಮ್ಮ ಗ್ಯಾಂಗಿಗೆ ಕಳಿಸ್ತೀರಾ?” ಎಂದರು. ಒಳಗೆ ನಿಮ್ಮ ಅವ್ವ ನಕ್ಕದ್ದು ಕೇಳಿ ನನ್ನ ಜೀವ ಹಗುರಾಯಿತು.

ಗ್ಯಾಂಗ್ ಎಂದರೆ ಮೂಲದಲ್ಲಿ ನಡಿಗೆ, ಆಮೇಲೆ ಕೂಡಿ ನಡೆಯುವವರು ಎಂದು ನಿಮ್ಮ ಅಪ್ಪ ಮುಂದೊಮ್ಮೆ ಕೋಶ ನೋಡಿ ಹೇಳಿದ. ಕೂಡಿ ನಡೆದವರಲ್ಲಿ ಕೆಲವರು ದಾರಿ ತಪ್ಪಿದರು, ಹೆಸರೂ ಅವರ ಹಿಂದೆಯೇ ನಡೆದುಹೋಯಿತು.

ಹಾಳೆಯನ್ನು ಒಲೆಗೆ ಹಾಕಿದೆ. ನಾಳೆ ನೀವೆಲ್ಲ ರಜೆಗೆ ಬರುತ್ತೀರಿ. ಓಣಿಗೆಲ್ಲ ಕೇಳುವಂತೆ ಕೂಗಲು ನಿಮ್ಮ ಮುತ್ಯಾ ಈಗಿಲ್ಲ. ನಾನೇ ಬಾಗಿಲ ಮರೆಯಿಂದ ಹೊರಗೆ ಬಂದು ಕೂಗಬೇಕು.